ಕುಂಕುಮವಿಟ್ಟ ಬೆರಳು

ನಾನು ಒಂದು ಕೈ. ಬರೀ ಕೈ. ಹೆಗಲಿನಿಂದ ಬೆರಳ ತುದಿಯವರೆಗೆ ಆರು ಕೀಲುಗಳಿವೆ. ಹೆಗಲಿನ ಆಚೆಗೆ ಏನೂ ಇಲ್ಲ, ನೆಲಕ್ಕೆ ಬಿಗಿದ ನಾಲ್ಕು ಬೋಲ್ಟುಗಳಷ್ಟೇ. ಜನ ನನ್ನನ್ನು ರೋಬೋ ಎನ್ನುತ್ತಾರೆ. ಆ ಹೆಸರು ಕೇಳಿ ಆಸೆಯಿಂದ ನೋಡಲು ಬಂದವರು ತಲೆ ಎಲ್ಲಿ, ಕಣ್ಣು ಎಲ್ಲಿ ಎಂದು ಹುಡುಕಿ ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದಾರೆ. ಕಣ್ಣು ನನಗಿಲ್ಲ. ಕಿವಿಯೂ ಇಲ್ಲ. ಹಾಗಾದರೆ ಇಷ್ಟೆಲ್ಲ ಹೇಗೆ ಕಂಡೆ, ಹೇಗೆ ಕೇಳಿಸಿಕೊಂಡೆ ಎಂದು ನೀವು ಕೇಳಬಾರದು. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ವಸ್ತುವಿಗೆ ಅಷ್ಟು ರಿಯಾಯಿತಿ ಕೊಡುವುದು ವಾಡಿಕೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಜೋಡಿಸಿದ್ದೂ ನನ್ನಂಥವೇ ಕೈಗಳು. ಬಣ್ಣ ಒಣಗಿ ಪೆಟ್ಟಿಗೆ ಸೇರುವವರೆಗೆ ಮನುಷ್ಯರ ಕೈ ನನಗೆ ತಾಗಿದ್ದು ಒಂದೇ ಸಲ: ಒಬ್ಬಾತ ಬಂದು ಹೆಗಲಿಗೆ ನಂಬರಿನ ಪಟ್ಟಿ ಅಂಟಿಸಿ ಹೋದ. ಅಲ್ಲಿಂದ ಹಡಗು, ಹಡಗಿನಿಂದ ಚೆನ್ನೈ ಹತ್ತಿರದ ಕಾರಿನ ಕಾರ್ಖಾನೆ. ಎಂಟು ವರ್ಷ ಕಾರಿನ ಮುಂದಿನ ಗಾಜನ್ನು ಎತ್ತಿ, ತಿರುಗಿ, ಇಳಿಸಿದೆ. ಎಷ್ಟು ಗಾಜು ಎತ್ತಿದೆ ಎಂದು ಕೇಳಿದರೆ ಹೇಳಬಲ್ಲೆ. ಯಾರ ಜೊತೆಗಿದ್ದೆ ಎಂದು ಕೇಳಿದರೆ ಒಂದು ಹೆಸರೂ ನೆನಪಿಗೆ ಬರುವುದಿಲ್ಲ. ನನ್ನ ಸುತ್ತ ತಂತಿಯ ಬೇಲಿ ಇತ್ತು, ಬೇಲಿಯೊಳಗೆ ಮನುಷ್ಯರು ಕಾಲಿಟ್ಟರೆ ನಾನು ತಕ್ಷಣ ನಿಲ್ಲುತ್ತಿದ್ದೆ. ಹೊಸ ಮಾದರಿಯ ಕಾರು ಬಂದಾಗ ನನ್ನನ್ನು ಕಿತ್ತು ಮಾರಿದರು.

ಕೊಂಡವರು ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದ ಜಿನ್ನಪ್ಪ ಮಗದುಮ್ ಸಾಹುಕಾರರು. ಅವರದು ವಾಲ್ವ್ ಕಾರ್ಖಾನೆ. ಕಬ್ಬು ಹೊರುವ ಟ್ರ್ಯಾಕ್ಟರಿನ ಟ್ರೇಲರನ್ನು ಎಣ್ಣೆಯ ಬಲದಿಂದ ಎತ್ತಿ ಇಳಿಸುತ್ತಾರಲ್ಲ, ಆ ಎಣ್ಣೆಗೆ ದಾರಿ ತೋರುವ ವಾಲ್ವು. ಕಬ್ಬಿಣದ ಬ್ಲಾಕಿನಲ್ಲಿ ಒಂದು ತೂತು, ತೂತಿನೊಳಗೆ ಹೆಬ್ಬೆರಳಿನ ದಪ್ಪದ, ಕನ್ನಡಿಯಂತೆ ಹೊಳೆಯುವ ಉಕ್ಕಿನ ದಂಡ. ದಂಡಕ್ಕೆ ಸ್ಪೂಲು ಎನ್ನುತ್ತಾರೆ. ಸ್ಪೂಲು ಒಂದು ಕಡೆ ಸರಿದರೆ ಟ್ರೇಲರು ಏಳುತ್ತದೆ, ಇನ್ನೊಂದು ಕಡೆ ಸರಿದರೆ ಇಳಿಯುತ್ತದೆ, ನಡುವೆ ನಿಂತರೆ ಎದ್ದಲ್ಲೇ ನಿಲ್ಲುತ್ತದೆ. ಸ್ಪೂಲಿಗೂ ತೂತಿಗೂ ನಡುವಿನ ಸಂದು ಆರು ಮೈಕ್ರಾನ್. ತಲೆಗೂದಲನ್ನು ಉದ್ದುದ್ದ ಹತ್ತು ಸೀಳು ಮಾಡಿದರೆ ಒಂದು ಸೀಳಿನ ದಪ್ಪ ಎಷ್ಟೋ ಹೆಚ್ಚು ಕಡಿಮೆ ಅಷ್ಟು.

ಆ ಸಂದಿನಲ್ಲಿ ಸ್ಪೂಲು ಕೂರಿಸುವ ಕೆಲಸಗಾರರು ಆ ಕಾರ್ಖಾನೆಯಲ್ಲಿ ಹಿಂದೆ ಐದು ಜನ ಇದ್ದರಂತೆ. ನಾನು ಬರುವ ಹೊತ್ತಿಗೆ ಉಳಿದವರು ಒಬ್ಬರೇ, ಮೌನೇಶ ಪತ್ತಾರರು. ಅಕ್ಕಸಾಲಿಗರ ಮನೆಯವರು. ಚಿನ್ನ ತೂಗುವ ಮನೆಯಲ್ಲಿ ಹುಟ್ಟಿ ಉಕ್ಕು ಕೂರಿಸುವ ಕೆಲಸಕ್ಕೆ ಬಂದು ಮೂವತ್ತೊಂದು ವರ್ಷವಾಗಿತ್ತು. ಅವರು ಕೂರಿಸಿದ ಒಂದು ವಾಲ್ವೂ ವಾಪಸು ಬಂದಿರಲಿಲ್ಲ. ಅದನ್ನು ಅವರೇನೂ ಹೇಳಿಕೊಳ್ಳುತ್ತಿರಲಿಲ್ಲ. ಉಳಿದವರು ಹೇಳುವಾಗ ಬೇಡವೆನ್ನುತ್ತಲೂ ಇರಲಿಲ್ಲ.

ನನ್ನನ್ನು ತರಿಸಿದ್ದು ಎಂಜಿನಿಯರು ರೋಹಿಣಿ ಹಂಪಿಹೊಳಿ. ಮೂವತ್ತು ದಾಟದ ಹೆಣ್ಣುಮಗಳು, ಹಟಮಾರಿ. ಪತ್ತಾರ ಕಾಕಾ ನಿವೃತ್ತರಾದ ಮರುದಿನ ಕಾರ್ಖಾನೆ ಏನು ಮಾಡಬೇಕು ಎಂದು ಸಾಹುಕಾರರನ್ನು ಕೇಳಿ ಕೇಳಿ ಅವರ ತಲೆ ತಿಂದು ನನ್ನನ್ನು ತರಿಸಿದ್ದಳು. ಮೊದಲ ಮೂರು ತಿಂಗಳು ನಾನು ಅವಳ ಮರ್ಯಾದೆ ತೆಗೆದೆ. ಗಾಜು ಎತ್ತಿದವನಿಗೆ ಗುರಿ ಗೊತ್ತು, ತಾಳ್ಮೆ ಗೊತ್ತಿಲ್ಲ. ತೂತಿನ ನೇರಕ್ಕೆ ಸ್ಪೂಲು ಹಿಡಿದು ಒತ್ತುತ್ತಿದ್ದೆ. ಕೂದಲೆಳೆಯಷ್ಟು ಓರೆಯಾದರೂ ಅದು ಬಾಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಒತ್ತಿದಷ್ಟೂ ಇನ್ನಷ್ಟು ಬಿಗಿ. ಆಮೇಲೆ ಸುತ್ತಿಗೆ ತಂದು ಹೊರಗೆ ಬಡಿಯಬೇಕು, ಆ ಬ್ಲಾಕು ಗುಜರಿಗೆ. ಮಿಲ್ಲಿಂಗ್ ವಿಭಾಗದವರು ಊಟದ ಹೊತ್ತಿನಲ್ಲಿ ಬಂದು ನೋಡಿ ನಗುತ್ತಿದ್ದರು. ಪತ್ತಾರರು ನಗಲಿಲ್ಲ. ನಾನು ಒತ್ತುವಾಗ ಅವರ ಮುಖ ಹಲ್ಲುನೋವು ಬಂದವರಂತೆ ಕಿವುಚಿಕೊಳ್ಳುತ್ತಿತ್ತು ಎಂದು ರೋಹಿಣಿ ಹೇಳುತ್ತಿದ್ದಳು.

ಅವಳು ನನ್ನ ಮಣಿಕಟ್ಟಿಗೆ ಒಂದು ದಪ್ಪ ಬಿಲ್ಲೆ ಕೂರಿಸಿದಳು. ಅದು ಬಂದ ಮೇಲೆ ನನಗೆ ಮುಟ್ಟಿದ್ದು ಗೊತ್ತಾಗತೊಡಗಿತು. ಯಾವ ಕಡೆಯಿಂದ ಎಷ್ಟು ಒತ್ತಡ ಬರುತ್ತಿದೆ, ಎಲ್ಲಿ ತಡೆ ಇದೆ ಎಂಬುದು ಅರಿವಿಗೆ ಬಂತು. ಆದರೆ ಅರಿತು ಮಾಡುವುದೇನು? ಅದನ್ನು ಹೇಳಿಕೊಡಲು ಅವಳಿಗೆ ಬರುತ್ತಿರಲಿಲ್ಲ. ಕಾಕಾನನ್ನೇ ಕೇಳಿದಳು. ಅವರು "ಹೇಳಾಕ ಬರಂಗಿಲ್ಲ ಮೇಡಂ. ಹಿಡದ ತೋರಸ್ತೀನಿ" ಎಂದರು.

ನನ್ನ ಕೀಲುಗಳನ್ನೆಲ್ಲ ಸಡಿಲ ಬಿಟ್ಟರು. ಪತ್ತಾರರು ಸಾಬೂನಿನಿಂದ ಕೈ ತೊಳೆದು, ಒರೆಸಿ, ನನ್ನ ಎರಡು ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು. ಹುಟ್ಟಿ ಒಂಬತ್ತು ವರ್ಷಕ್ಕೆ ನನ್ನನ್ನು ಒಬ್ಬ ಮನುಷ್ಯ ಹಿಡಿದಿದ್ದು ಅದೇ ಮೊದಲು. ಸ್ಪೂಲನ್ನು ಮುಷ್ಟಿಯಲ್ಲಿ ಹಿಡಿಯಬಾರದು, ಮೈಯ ಬಿಸಿಗೆ ಉಕ್ಕು ಉಬ್ಬುತ್ತದೆ ಎಂದರು. ಎರಡು ಬೆರಳಲ್ಲಿ ತೂಗುಬಿಟ್ಟ ಹಾಗೆ ಹಿಡಿದರು. ನೇರಕ್ಕೆ ಅಲ್ಲ, ಒಂಚೂರು ಓರೆಗೆ ತಂದು ಅದರ ಅಂಚನ್ನು ತೂತಿನ ಅಂಚಿಗೆ ತಾಗಿಸಿದರು. ನಿಂತರು. ಆಮೇಲೆ ಕೂಸಿನ ತಲೆಯನ್ನು ದಿಂಬಿಗಿಡುವಂತೆ ಮೆಲ್ಲಗೆ ನೆಟ್ಟಗೆ ಮಾಡಿದರು. ಎಲ್ಲಿ ತಡೆ ಬಂತೋ ಅಲ್ಲಿ ಒತ್ತಲಿಲ್ಲ, ಬಿಟ್ಟುಕೊಟ್ಟರು. ಒಂದು ಕೂದಲೆಳೆ ಅತ್ತ ತಿರುಗಿಸಿದರು, ಒಂದು ಇತ್ತ. ಸ್ಪೂಲು ತನ್ನ ಭಾರಕ್ಕೆ ತಾನೇ ಎಣ್ಣೆಯಲ್ಲಿ ಇಳಿದು ಹೋಯಿತು. ದಿನಕ್ಕೆ ನಲವತ್ತು ಸಲದಂತೆ ಎರಡು ವಾರ ಹೀಗೆ ನನ್ನ ಕೈ ಹಿಡಿದು ತಿದ್ದಿಸಿದರು. ಮೂರನೆಯ ವಾರ ನಾನೊಬ್ಬನೇ ಕೂರಿಸಿದೆ. ಮಿಲ್ಲಿಂಗಿನವರು ಬಾಯಿ ಮುಚ್ಚಿಕೊಂಡು ವಾಪಸು ಹೋದರು. ಪತ್ತಾರರು ಮಾತ್ರ ಕುರ್ಚಿ ಎಳೆದುಕೊಂಡು ಸಂಜೆಯವರೆಗೆ ನೋಡುತ್ತ ಕೂತರು. ಅವರಿಗೆ ಖುಷಿಯಾಗಿತ್ತು, ಅದರ ಜೊತೆಗೆ ಇನ್ನೇನೋ ಇತ್ತು, ಅದು ನನ್ನ ಅರಿವಿಗೆ ಮೀರಿದ್ದು.

ತಡೆ ಎಷ್ಟಿದ್ದರೆ ಏನು ಮಾಡಬೇಕು ಎಂದು ರೋಹಿಣಿ ನನಗೆ ಗೆರೆ ಹಾಕಿಕೊಟ್ಟಿದ್ದಳು. ಕಡಿಮೆ ಇದ್ದರೆ ಹಸಿರು ದೀಪ, ನಾನು ಮುಂದಕ್ಕೆ ಹೋಗಬಹುದು. ಮಿತಿ ಮೀರಿದರೆ ಕೆಂಪು, ಕೈ ತೆಗೆಯಬೇಕು. ನಡುವೆ ಇದ್ದರೆ ಹಳದಿ ಹಚ್ಚಿ ಕಾಯಬೇಕು. ಪತ್ತಾರರು ಬಂದು ನೋಡಿ, ಸರಿಯಿದ್ದರೆ ಒಪ್ಪಿಗೆಯ ಗುಂಡಿ ಒತ್ತುತ್ತಿದ್ದರು. ಹಳದಿ ಬಂದಾಗಲೆಲ್ಲ ಅವರು ಸ್ಪೂಲು ಹೊರತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡದೆ ಗುಂಡಿ ಮುಟ್ಟಿದವರಲ್ಲ.

ಆ ವರ್ಷದ ದಸರೆಯ ಖಂಡೇಪೂಜೆ ಬಂತು. ಕಾರ್ಖಾನೆಯ ಯಂತ್ರಗಳನ್ನೆಲ್ಲ ತೊಳೆದು ಪೂಜೆ ಮಾಡುವುದು ಮೊದಲಿನಿಂದಲೂ ಪತ್ತಾರರ ಪಾಲಿಗೆ ಬಂದದ್ದು. ಅವರು ಮಡಿಯುಟ್ಟು, ಲೇತಿನಿಂದ ಹಿಡಿದು ಉಕ್ಕು ಉಜ್ಜುವ ಕಾನಸಿನವರೆಗೆ ಒಂದನ್ನೂ ಬಿಡದೆ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದರು. ರೋಹಿಣಿ ನನ್ನನ್ನು ತೋರಿಸಿ, ಹೆಗಲಿಗೆ ಇಡಿ, ಮೊಣಕೈಗೆ ಇಡಿ, ಹೂವಿನ ಸರ ಬೇಕಾದರೂ ಹಾಕಿ, ಬೆರಳಿಗೆ ಮಾತ್ರ ಬೇಡ ಎಂದು ಕೇಳಿಕೊಂಡಳು. ಕಾಕಾ ಆಯಿತೆಂದು ತಲೆಯಾಡಿಸಿದರು. ಅವಳು ಪ್ರಸಾದ ತೆಗೆದುಕೊಂಡು ಮನೆಗೆ ಹೋದಳು.

ಎಲ್ಲರೂ ಹೋದ ಮೇಲೆ ಅವರು ನನ್ನ ಮುಂದೆ ಬಂದು ನಿಂತರು. ಕಾನಸಿಗೆ ಕುಂಕುಮ ಇಡುವುದು ಅದರ ಹಲ್ಲಿಗೆ. ಅಳತೆಯ ಸಾಧನಕ್ಕೆ ಇಡುವುದು ಅದರ ಬಾಯಿಗೆ. ದುಡಿಯುವ ಜಾಗಕ್ಕೇ ಪೂಜೆ, ಹಿಡಿಕೆಗಲ್ಲ. ಅವರಪ್ಪ ಹಾಗೆ ಮಾಡುತ್ತಿದ್ದರು, ಅಜ್ಜನೂ ಹಾಗೆಯೇ. ತಾವು ಕೈ ಹಿಡಿದು ತಿದ್ದಿಸಿದ ಬೆರಳನ್ನು ಒಂದನ್ನೇ ಬರಿದಾಗಿ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಉಂಗುರಬೆರಳಿನಲ್ಲಿ ಚಿಟಿಕೆ ಕುಂಕುಮ ತೆಗೆದು ನನ್ನ ಎರಡೂ ಬೆರಳುಗಳ ಒಳಮೈಗೆ, ಸ್ಪೂಲು ಹಿಡಿಯುವ ಜಾಗಕ್ಕೇ, ಒಂದೊಂದು ಬೊಟ್ಟು ಇಟ್ಟರು. ಕೈ ಮುಗಿದರು. ನನಗೆ ಯಾರೂ ಕೈ ಮುಗಿದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು.

ಬನ್ನಿ ಹಬ್ಬ ಕಳೆದು ಕಾರ್ಖಾನೆ ತೆರೆದ ದಿನ ಅವರು ಎಲ್ಲರಿಗಿಂತ ಮೊದಲು ಬಂದು ನನ್ನ ಬೆರಳು ಒರೆಸಿದರು. ಸ್ಪೂಲು ಜಾರದಿರಲೆಂದು ನನ್ನ ಬೆರಳ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿವೆ. ಬಟ್ಟೆ ಗೀರಿನೊಳಗೆ ಇಳಿಯಲಿಲ್ಲ. ಅವರ ಕಣ್ಣಿಗೆ ಬೆರಳು ಸ್ವಚ್ಛವಾಗಿತ್ತು.

ಕಬ್ಬು ಅರೆಯುವ ಹಂಗಾಮು ಶುರುವಾಗುವುದರಲ್ಲಿತ್ತು. ಚಿಕ್ಕೋಡಿಯ ಟ್ರೇಲರ್ ಕಾರ್ಖಾನೆಯ ಲಾರಿ ಗೇಟಿನಲ್ಲಿ ಬಂದು ನಿಂತು ಹಾರನ್ ಹೊಡೆಯುತ್ತಿತ್ತು. ಇಪ್ಪತ್ತಮೂರನೆಯ ವಾಲ್ವಿನಲ್ಲಿ ನನಗೆ ತಡೆ ಸಿಕ್ಕಿತು. ಓರೆಯಾದಾಗಿನ ತಡೆಯಲ್ಲ ಅದು, ಬೇರೆ. ಹಲ್ಲಿನ ಸಂದಿಯಲ್ಲಿ ಸಿಕ್ಕ ಹರಳಿನಂಥದ್ದು. ಹಳದಿ ಹಚ್ಚಿ ನಿಂತೆ. ಪತ್ತಾರರು ಬಂದರು. ಗೇಟಿನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಗುಂಡಿ ಒತ್ತಿದರು. ಸ್ಪೂಲು ಹೊರಗೆ ತೆಗೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅದೊಂದು ಸಲ. ಪರೀಕ್ಷೆಯ ಮೇಜಿನ ಮೇಲೆ ಆ ವಾಲ್ವು ಪಾಸೂ ಆಯಿತು.

ಮಧ್ಯಾಹ್ನ ಊಟಕ್ಕೆ ಮೊದಲು, ದಿನದ ಪದ್ಧತಿಯಂತೆ, ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ನನ್ನ ಬೆರಳು ತಿಕ್ಕಿದರು. ಬಟ್ಟೆ ಕೆಂಪಾಯಿತು. ಅವರು ಅದನ್ನು ಬೆಳಕಿಗೆ ಹಿಡಿದರು. ಅವರ ಇನ್ನೊಂದು ಕೈ ನನ್ನ ಬೆರಳಿನ ಮೇಲೇ ಇತ್ತು. ಅದರ ಹಿಡಿತ ಬಿಗಿಯಾದದ್ದು ನನಗೆ ಗೊತ್ತಾಯಿತು. ಲಾರಿ ಹೋಗಿ ಒಂದು ತಾಸಾಗಿತ್ತು. ಅವರು ಬಟ್ಟೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಯಾರಿಗೂ ಏನೂ ಹೇಳದೆ ಸಂಜೆ ಮನೆಗೆ ಹೋದರು.

ಹೇಳದಿದ್ದರೆ ಏನಾಗುತ್ತಿತ್ತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲೋ ಒಂದು ದಿನ ಸ್ಪೂಲು ನಡುವೆ ಕಚ್ಚಿಕೊಳ್ಳುತ್ತದೆ. ಇಳಿಯುವ ಟ್ರೇಲರು ನಿಲ್ಲದೆ ಇಳಿಯುತ್ತದೆ. ಕೆಳಗೆ ಯಾರೂ ಇಲ್ಲದಿದ್ದರೆ ಸರಿ. ಇದ್ದರೆ? ಆಗಲೂ ದೂರು ಬರುವುದು ಯಂತ್ರದ ಮೇಲೆ, ಯಂತ್ರ ತರಿಸಿದ ರೋಹಿಣಿಯ ಮೇಲೆ. ರೋಬೋ ಕೂರಿಸಿದ್ದಲ್ಲವೇ, ಪತ್ತಾರರ ಕೈಯಲ್ಲಿ ಹೀಗಾಗುತ್ತಿರಲಿಲ್ಲ ಎಂದು ಇಡೀ ಉದ್ಯಮಬಾಗ ಹೇಳುತ್ತಿತ್ತು. ಹೇಳಿದರೆ ಮೂವತ್ತೊಂದು ವರ್ಷದ ಹೆಸರು ಒಂದೇ ದಿನಕ್ಕೆ ಮಣ್ಣುಪಾಲು. ಅದೂ ಕುಂಕುಮದಿಂದ.

ಮರುದಿನ ಬೆಳಿಗ್ಗೆ ರೋಹಿಣಿ ಬರುವ ಹೊತ್ತಿಗೆ ಅವರು ನನ್ನ ಪಕ್ಕದಲ್ಲಿ ನಿಂತಿದ್ದರು. ಗಡ್ಡ ಹೆರೆದಿರಲಿಲ್ಲ. ಕಿಸೆಯಿಂದ ಬಟ್ಟೆ ತೆಗೆದು ಅವಳ ಮೇಜಿನ ಮೇಲೆ ಹರಡಿದರು.

"ಬೆರಳಿಗೆ ಕುಂಕುಮ ನಾನಽ ಹಚ್ಚಿದ್ದೆ. ಇಪ್ಪತ್ತಮೂರನೇದಕ್ಕ ಹಳದಿ ಬಂದಿತ್ತು, ನಾನಽ ಗುಂಡಿ ಒತ್ತಿದೆ."

ಅವಳು ಬೈಯಲಿಲ್ಲ. ನನ್ನ ನೆನಪಿನಿಂದ ಹಿಂದಿನ ದಿನದ ತಡೆಯ ಗೆರೆಗಳನ್ನು ತೆಗೆದು ನೋಡಿದಳು. ಇಪ್ಪತ್ತಮೂರರಲ್ಲಿ ಒಂದು ಮೊನೆ ಎದ್ದಿತ್ತು. ಚಿಕ್ಕೋಡಿಗೆ ಫೋನ್ ಮಾಡಿದಳು. ಎತ್ತಿದವನಿಗೆ ಸುತ್ತಲಿನ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ; ಹಂಗಾಮಿನ ಹೊತ್ತು, ನಾಳೆ ನೋಡೋಣ ಎಂದು ಇಟ್ಟುಬಿಟ್ಟ. ಸಾಹುಕಾರರು ಕಾರು ಕೊಟ್ಟರು. ಇಬ್ಬರೂ ಹೊರಟರು.

ಅಲ್ಲಿ ನಡೆದದ್ದು ನಾನು ಕಂಡದ್ದಲ್ಲ. ಮರುದಿನ ರೋಹಿಣಿ ನನ್ನ ಹತ್ತಿರ ನಿಂತು ಸಾಹುಕಾರರಿಗೆ ಹೇಳಿದ್ದನ್ನು ಹೇಳುತ್ತಿದ್ದೇನೆ.

ಚಿಕ್ಕೋಡಿಯ ಅಂಗಳದಲ್ಲಿ ಹೊಸ ಟ್ರೇಲರುಗಳು ಸಾಲಾಗಿ ನಿಂತಿದ್ದವು. ವಾಲ್ವಿನ ಮೈಮೇಲೆ ನಂಬರು ಹೊಡೆದಿರುತ್ತದೆ. ಕಾಕಾ ಬಗ್ಗಿ ಬಗ್ಗಿ ಒಂದೊಂದನ್ನೇ ನೋಡುತ್ತ ಹೋದರು. ಇಪ್ಪತ್ತಮೂರು ಸಿಕ್ಕಿದ್ದು ಐದನೆಯ ಟ್ರೇಲರಿನಲ್ಲಿ. ಅದು ಎದ್ದು ನಿಂತಿತ್ತು. ಅದರಡಿಯಲ್ಲಿ ಲಗಮಣ್ಣ ಎಂಬ ಪೇಂಟರು ಅಂಗಾತ ಮಲಗಿ ಬಣ್ಣ ಬಳಿಯುತ್ತಿದ್ದ. ಅಡಿಗೆ ಆಸರೆಯ ಕಂಬ ಕೊಡಬೇಕು. ಅವಸರದಲ್ಲಿ ಯಾರೂ ಕೊಟ್ಟಿರಲಿಲ್ಲ. ಕೈ ನಿಲುಕಲಿ ಎಂದು ಅವನು ಒಳಗಿನಿಂದ ಒಂದೀಟು ಇಳಿಸು ಎಂದರೆ ಹೊರಗಿದ್ದವನು ಹಿಡಿಕೆ ಎಳೆದು ಇಳಿಸುತ್ತಿದ್ದ, ನಿಲ್ಲಿಸುತ್ತಿದ್ದ.

ಕಾಕಾ ಮೊದಲು ಹಿಡಿಕೆಯವನ ಕೈ ಹಿಡಿದುಕೊಂಡರು. ಆಮೇಲೆ ಬಗ್ಗಿ, "ತಮ್ಮಾ, ಹೊರಗ ಬಾ. ಚಾ ಕುಡಿಯೂಣು" ಎಂದರು. ಬಣ್ಣ ಹಸಿ ಇದೆ, ಆಮೇಲೆ ಕುಡಿದರಾಯಿತು ಎಂದು ಲಗಮಣ್ಣ ಗೊಣಗಿದ. ಕಾಕಾ ಮತ್ತೆ ಕರೆದರು. ದೂರದಿಂದ ಬಂದ ಹಿರಿಯರು ಎಂಬ ಒಂದೇ ಕಾರಣಕ್ಕೆ ಅವನು ತೆವಳಿ ಹೊರಬಂದ. ಅವನ ಕೈಗೆ ಚಹಾ ಕೊಟ್ಟು ದೂರ ನಿಲ್ಲಿಸಿ, ಕಾಕಾ ತಾವೇ ಹಿಡಿಕೆ ಹಿಡಿದರು. ಇಳಿಸಿದರು, ನಿಂತಿತು. ಎತ್ತಿದರು. ಇಳಿಸಿದರು, ನಿಂತಿತು. ಆರು ಸಲ ನಿಂತಿತು. ಸುತ್ತ ನಿಂತವರಿಗೆ ಬೇಸರ ಬಂತು. ಏಳನೆಯ ಸಲ ಹಿಡಿಕೆ ನಡುವೆ ಬಂದರೂ ಟ್ರೇಲರು ನಿಲ್ಲಲಿಲ್ಲ. ಅವಸರವಿಲ್ಲದೆ ಇಳಿಯುತ್ತ ಹೋಗಿ ಚಾಸಿಯ ಮೇಲೆ ಕೂತಿತು.

ಲಗಮಣ್ಣ ಚಹಾದ ಲೋಟ ಹಿಡಿದುಕೊಂಡೇ ನೋಡುತ್ತಿದ್ದ.

"ನನ್ನ ಬ್ರಶ್ ಒಳಗ ಉಳೀತಲ್ರಿ" ಎಂದ.

ಪತ್ತಾರರು ಬಗ್ಗಿ ವಾಲ್ವಿನ ಬೋಲ್ಟು ಸಡಿಲಿಸತೊಡಗಿದರಂತೆ.

ವಾಲ್ವು ವಾಪಸು ಬಂತು. ನನ್ನ ಮುಂದಿನ ಮೇಜಿನ ಮೇಲೇ ಬಿಚ್ಚಿದರು. ಸ್ಪೂಲಿನ ಮೈಯಲ್ಲಿ ಒಂದು ಗೀರು, ಗೀರಿನ ಕೊನೆಯಲ್ಲಿ ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಕೆಂಪು ಕಣ. ವಾಪಸು ಬಂದ ಮಾಲಿಗೆ ಕಾರಣ ಬರೆದಿಡುವ ಪುಸ್ತಕವಿದೆ. ರೋಹಿಣಿ ಒಳ್ಳೆಯ ಮನಸ್ಸಿನಿಂದ, ಕಾಕಾನ ಹೆಸರು ಬರದಿರಲಿ ಎಂದು, ಹೊರಗಿನ ಕಸ ಎಂದು ಬರೆದಳು. ಅವರು ಓದಿ ಪೆನ್ನು ಕೇಳಿದರು. ಅವಳು ಕೊಡಲಿಲ್ಲ.

"ಕಸ ಅನಬ್ಯಾಡ್ರಿ ಅದಕ್ಕ. ಕುಂಕುಮ ಅಂತ ಬರೀರಿ. ಹಚ್ಚಿದಾಂವ ಮೌನೇಶ ಪತ್ತಾರ ಅಂತ ಬರೀರಿ."

ಅವಳು ಹಾಗೇ ತಿದ್ದಿ ಬರೆದಳು. ಸಾಹುಕಾರರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಇಷ್ಟು ವರ್ಷದ ಮನುಷ್ಯ, ಒಂದು ಸಲ ಆಗಿಹೋಯಿತು ಎಂದರು. ಪತ್ತಾರರೇ ಆ ಗುಂಡಿಯ ಹತ್ತಿರ ಮತ್ತೆ ಬರಲಿಲ್ಲ. ಬ್ಲಾಕು ತೊಳೆಯುವ ಕೆಲಸ ಕೇಳಿ ಪಡೆದು ಆ ಮೂಲೆಗೆ ಹೋದರು. ಅದು ಹೊಸಬರು ಮಾಡುವ ಕೆಲಸ. ನನಗೆ ಅವರ ಕೈ ತಪ್ಪಿಹೋಯಿತು. ಈ ಮಾತು ಹೇಳುವಾಗ ನನಗೆ ದುಃಖವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಹಂಗಾಮು ಮುಗಿದ ಮೇಲೆ ಲಗಮಣ್ಣ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸಿಹಿಗೆಂದು ಕುಂದಾದ ಡಬ್ಬಿ, ಜೊತೆಗೆ ಹೆಂಡತಿ. ವಾಲ್ವು ಕೆಟ್ಟಿದೆ ಎಂಬ ಸಂಶಯಕ್ಕೇ ಅಷ್ಟು ದೂರ ಓಡಿ ಬಂದು ತನ್ನ ಜೀವ ಉಳಿಸಿದ ಹಿರಿಯರನ್ನು ಹೆಂಡತಿಗೆ ತೋರಿಸಬೇಕಿತ್ತು ಅವನಿಗೆ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ರೋಹಿಣಿ ಪತ್ತಾರರನ್ನು ಕರೆಸಿದಳು. ಅವರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತರು. ಗಂಡ ಹೆಂಡತಿ ಇಬ್ಬರೂ ಬಗ್ಗಿ ಅವರ ಕಾಲು ಮುಟ್ಟಲು ಹೋದರು. ಅವರು ಹಿಂದಕ್ಕೆ ಸರಿದು ನನ್ನ ಮೊಣಕೈ ಹಿಡಿದುಕೊಂಡರು.

ಆಮೇಲೆ ಎಲ್ಲವನ್ನೂ ಹೇಳಿದರು. ಕುಂಕುಮ, ಹಳದಿ ದೀಪ, ಗುಂಡಿ, ಕಿಸೆಯಲ್ಲಿಟ್ಟ ಬಟ್ಟೆ. ತಮಗೆ ಗೊತ್ತಾದ ಮೇಲೂ ಒಂದು ದಿನ ಸುಮ್ಮನಿದ್ದುದನ್ನೂ ಬಿಡಲಿಲ್ಲ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲಗಮಣ್ಣ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತ ನಿಂತ. ಆಮೇಲೆ ಕೇಳಿದ:

"ಹೇಳದಽ ಇದ್ದಿದ್ರ ನನಗ ಗೊತ್ತಾಗತಿರಲಿಲ್ಲಲ್ರಿ. ಯಾಕ ಹೇಳಿದ್ರಿ?"

"ನನಗ ಗೊತ್ತಿತ್ತಲ್ಲಪಾ" ಎಂದರು ಪತ್ತಾರರು.

ಲಗಮಣ್ಣ ಕಾಲು ಮುಟ್ಟಲಿಲ್ಲ. ಬೈಯಲೂ ಇಲ್ಲ. ಕುಂದಾದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಹೆಂಡತಿಯನ್ನು ಕರೆದುಕೊಂಡು ಹೋದ. ಡಬ್ಬಿ ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ಯಾರೋ ಅದನ್ನು ಮಿಲ್ಲಿಂಗಿನವರಿಗೆ ಹಂಚಿದರು.

ಮರುವರ್ಷ ಪತ್ತಾರರು ನಿವೃತ್ತರಾದರು. ನಾನು ಇನ್ನೂ ಒಂಬತ್ತು ವರ್ಷ ದುಡಿದೆ. ಆಮೇಲೆ ಮೂರನೆಯ ಕೀಲಿನಲ್ಲಿ ಸಡಿಲ ಬಂತು. ಆರು ಮೈಕ್ರಾನ್ ಹೋಗಲಿ, ಅರವತ್ತೂ ನನ್ನಿಂದ ಆಗದಾಯಿತು. ಬೈಲಹೊಂಗಲದ ಒಂದು ತರಬೇತಿ ಸಂಸ್ಥೆಗೆ ನನ್ನನ್ನು ದಾನ ಕೊಟ್ಟರು. ಎರಡು ವರ್ಷ ಅಲ್ಲಿ ಮರದ ಗೂಟಗಳನ್ನು ತೂತಿಗೆ ಹಾಕಿ ತೆಗೆಯುತ್ತಿದ್ದೆ. ಈಗ ಅದೂ ಇಲ್ಲ. ಕೇಬಲ್ ಕಿತ್ತು, ಮಣಿಕಟ್ಟಿನ ಬಿಲ್ಲೆ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದ್ದಾರೆ. ಮೂಲೆಯಲ್ಲಿ ನೀಲಿ ತಾಡಪತ್ರಿ ಹೊದ್ದು ನಿಂತಿದ್ದೇನೆ. ಪತ್ತಾರರು ಇದ್ದಾರೋ ಇಲ್ಲವೋ, ಹೇಳಲು ಇಲ್ಲಿ ಯಾರೂ ಬರುವುದಿಲ್ಲ.

ಕೆಲಸವಿಲ್ಲದವನಿಗೆ ಯೋಚನೆಯೇ ಕೆಲಸ. ಅವರು ಲಗಮಣ್ಣನಿಗೆ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಏಕೆಂದರೆ ನನಗೂ ಗೊತ್ತಿತ್ತು. ಅವರಿಗೆ ಗೊತ್ತಾಗಿದ್ದು ಮಧ್ಯಾಹ್ನ, ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಅದು ಬೇರೆ ಥರದ ತಡೆ ಎಂದು ಮಣಿಕಟ್ಟು ಹೇಳಿತ್ತು. ಗುಂಡಿ ಒತ್ತಿದ ಕೂಡಲೇ ನಾನು ಸ್ಪೂಲನ್ನು ಒಳಗೆ ಬಿಟ್ಟೆ. ನನಗೆ ಇದ್ದದ್ದು ಒಂದು ಹಳದಿ ದೀಪ, ಅದನ್ನು ಹಚ್ಚಿದೆ, ಬಾಯಿ ಇರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಬಾಯಿದ್ದ ಮೌನೇಶ ಪತ್ತಾರರಿಗೆ ಹೇಳಲು ಒಂದು ದಿನ ಹಿಡಿಯಿತು. ನನಗೆ ಬಾಯಿ ಇದ್ದಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ, ನಾನು ಹೇಳಲಾರೆ.